ಟೈಮ್‌ಶಿಫ್ಟ್‌ನಿಂದ ಮರುಸ್ಥಾಪಿಸಿದ ಮೇಲೆ ಲ್ಯಾಪ್‌ಟಾಪ್ ಎಮರ್ಜೆನ್ಸಿ ಮೋಡ್‌ನಲ್ಲೇ ನಿಲ್ಲುತ್ತಿದೆ: ರಿಕವರಿ ಮೋಡ್‌ನಲ್ಲಿ ನಾನು ಬಿಟ್ಟ ಹೆಜ್ಜೆ ಯಾವುದು?

ಪುಸ್ತಕದ ಗೂಡು
29 ನವೆಂಬರ್ 2024, ರಾತ್ರಿ 9:40

ಎಲ್ಲರಿಗೂ ನಮಸ್ಕಾರ. ಪ್ರಶ್ನೆ ಸ್ವಲ್ಪ ಉದ್ದವಿದೆ. ಏನೇನು ಮಾಡಿದೆ ಎಂಬುದನ್ನು ಬಿಡದೆ ಹೇಳಿದರೆ ಉತ್ತರಿಸುವವರಿಗೆ ಅನುಕೂಲವಾದೀತೆಂದು ನಡೆದದ್ದನ್ನು ನಡೆದ ಕ್ರಮದಲ್ಲೇ ಬರೆಯುತ್ತಿದ್ದೇನೆ.

ನಾನು ಒಂದು ಚಿಕ್ಕ ಗ್ರಂಥಾಲಯವನ್ನು ನೋಡಿಕೊಳ್ಳುತ್ತೇನೆ. ಪುಸ್ತಕಗಳ ಸೂಚಿ, ಓದುಗರಿಗೆ ಕೊಟ್ಟ ಮತ್ತು ಅವರಿಂದ ಮರಳಿ ಬಂದ ಪುಸ್ತಕಗಳ ಲೆಕ್ಕ ಎಲ್ಲವೂ ಕೋಹಾ ತಂತ್ರಾಂಶದಲ್ಲಿದ್ದು, ಅದು ಲಿನಕ್ಸ್ ಮಿಂಟ್ 22 ಇರುವ ಒಂದು ಲ್ಯಾಪ್‌ಟಾಪಿನಲ್ಲಿ ನಡೆಯುತ್ತದೆ. ಈ ಲ್ಯಾಪ್‌ಟಾಪಿಗೆ ಮೊದಲು ಮಿಂಟ್ 20 ಹಾಕಿ, ಆಮೇಲೆ ಹಂತ ಹಂತವಾಗಿ 22ಕ್ಕೆ ಏರಿಸಿದ್ದೆ. ಸ್ಥಾಪಿಸುವಾಗಲೇ ಇಡೀ ಡಿಸ್ಕನ್ನು ಎನ್‌ಕ್ರಿಪ್ಟ್ ಮಾಡುವ ಆಯ್ಕೆಯನ್ನು ಆರಿಸಿಕೊಂಡಿದ್ದರಿಂದ ಪ್ರತಿ ಸಲ ಆನ್ ಮಾಡಿದಾಗಲೂ ಮೊದಲು ಗುಪ್ತಪದ ಕೊಡಬೇಕು. ವ್ಯವಸ್ಥೆಯನ್ನು ಹಿಂದಿನ ಸ್ಥಿತಿಗೆ ಮರಳಿಸುವ ಟೈಮ್‌ಶಿಫ್ಟ್ ತಂತ್ರಾಂಶವು ಆರ್‌ಸಿಂಕ್ ವಿಧಾನದಲ್ಲಿ (ಕಡತಗಳನ್ನು ನಕಲು ಮಾಡಿ) ವಾರಕ್ಕೊಂದು ಸ್ನ್ಯಾಪ್‌ಶಾಟನ್ನು, ಅಂದರೆ ಆ ದಿನದ ಪ್ರತಿಯನ್ನು, ಇದೇ ಡಿಸ್ಕಿನ ಮೇಲೆ ತೆಗೆದಿಡುತ್ತದೆ.

ಕಳೆದ ವಾರ ಅಪ್‌ಡೇಟ್ ಮ್ಯಾನೇಜರ್ 6.8.0-49 ಕರ್ನೆಲ್ (ವ್ಯವಸ್ಥೆಯ ತಿರುಳು) ತಂದಿತು. ಎರಡು ಮೂರು ದಿನ ಯಾವ ತೊಂದರೆಯೂ ಇರಲಿಲ್ಲ. ನಂತರ ಕರ್ನೆಲ್ ಕಡತಗಳಿರುವ /ಬೂಟ್‌ನಲ್ಲಿ ಜಾಗ ಕಡಿಮೆಯಾಗಿದೆ ಎಂಬ ಎಚ್ಚರಿಕೆ ಬಂದದ್ದರಿಂದ 6.8.0-48 ಹಾಗೂ ಅದಕ್ಕೂ ಹಿಂದಿನ ಕರ್ನೆಲ್‌ಗಳನ್ನು ತೆಗೆದುಹಾಕಿದೆ. ನಿನ್ನೆ ಗ್ರಾಫಿಕ್ಸ್ ಡ್ರೈವರಿನ ಹೊಸ ಆವೃತ್ತಿಯೊಂದು ಬಂತು. ಅದನ್ನು ಹಾಕಿ ರೀಸ್ಟಾರ್ಟ್ ಮಾಡಿದರೆ ಪರದೆ ಪೂರ್ತಿ ಕಪ್ಪು.

ಇಂದು ಸಂಜೆ, ಕರ್ನೆಲ್ಲನ್ನು ಎಬ್ಬಿಸುವ ಗ್ರಬ್‌ನ ಮೆನುವಿನ ಮೂಲಕ, ದುರಸ್ತಿಗೆಂದಿರುವ ರಿಕವರಿ ಮೋಡ್‌ಗೆ ಹೋದೆ. ರಿಕವರಿ ಮೆನುವಿನ ತಲೆಯಲ್ಲಿ ಕಡತವ್ಯವಸ್ಥೆ ‘ರೀಡ್-ಓನ್ಲಿ’ ಸ್ಥಿತಿಯಲ್ಲಿದೆ ಎಂದು ತೋರಿಸುತ್ತಿತ್ತು. ನೇರವಾಗಿ ‘ರೂಟ್’ ಆರಿಸಿ, ಎಂಟರ್ ಒತ್ತಿ, ‘ಮೌಂಟ್ -ಒ ರಿಮೌಂಟ್,ಆರ್‌ಡಬ್ಲ್ಯು /’ ಎಂದು ಕೊಟ್ಟು ಬರೆಯುವ ಅವಕಾಶ ಮಾಡಿಕೊಂಡೆ. ಬಳಿಕ ‘ಟೈಮ್‌ಶಿಫ್ಟ್ --ರಿಸ್ಟೋರ್’ ನಡೆಸಿ, ನವೆಂಬರ್ 17ರ ಸ್ನ್ಯಾಪ್‌ಶಾಟನ್ನು ಆರಿಸಿದೆ. ಅದು ಕೇಳಿದ ಪ್ರಶ್ನೆಗಳಿಗೆ, ಗ್ರಬ್ಬನ್ನು ಮತ್ತೆ ಸ್ಥಾಪಿಸಬೇಕೇ ಎಂಬುದಕ್ಕೂ ಸೇರಿ, ಹೌದೆಂದೇ ಉತ್ತರಿಸಿದೆ. ಸುಮಾರು ಇಪ್ಪತ್ತು ನಿಮಿಷ ಕಡತಗಳ ಹೆಸರುಗಳು ಹರಿದುಹೋದವು. ಕೊನೆಯಲ್ಲಿ ಇಎಫ್‌ಐ ಡೈರೆಕ್ಟರಿ (ಗ್ರಬ್ಬನ್ನು ಇಡುವ ಜಾಗ) ಸಿಗಲಿಲ್ಲ ಎಂಬ ಅರ್ಥದ ಒಂದು ಸಾಲು ಕಾಣಿಸಿತು. ಅದನ್ನು ಪೂರ್ತಿ ಓದುವಷ್ಟರಲ್ಲಿ ಯಂತ್ರ ರೀಸ್ಟಾರ್ಟ್ ಆಯಿತು.

ಈಗ ಗುಪ್ತಪದ ಕೇಳುತ್ತದೆ, ಕೊಟ್ಟದ್ದನ್ನು ಒಪ್ಪಿಕೊಳ್ಳುತ್ತದೆ. ಅದಾದ ಒಂದೂವರೆ ನಿಮಿಷದೊಳಗೆ ‘ಯು ಆರ್ ಇನ್ ಎಮರ್ಜೆನ್ಸಿ ಮೋಡ್’ ಎಂದು ತೋರಿಸಿ ನಿಲ್ಲುತ್ತದೆ. ‘ಜರ್ನಲ್‌ಸಿಟಿಎಲ್ -ಎಕ್ಸ್‌ಬಿ’ ಕೊಟ್ಟು ನೋಡಿದಾಗ ಕೆಂಪು ಅಕ್ಷರಗಳಲ್ಲಿ ಇರುವ ಸಾಲು ಹೀಗಿದೆ: ‘ಫ್ಯಾಟ್-ಎಫ್‌ಎಸ್ (ಎನ್‌ವಿಎಂಇ0ಎನ್1ಪಿ1): ಐಒ ಚಾರ್‌ಸೆಟ್ ಐಎಸ್ಒ8859-1 ನಾಟ್ ಫೌಂಡ್’. ಅದರ ಕೆಳಗೆ /ಬೂಟ್/ಇಎಫ್‌ಐ ಮೌಂಟ್ ಆಗಲಿಲ್ಲ, ಅಂದರೆ ಬಳಕೆಗೆ ಜೋಡಣೆಯಾಗಲಿಲ್ಲ, ಎಂದಿದೆ. ಕೀಲಿಮಣೆ ನಡೆಯುತ್ತದೆ, ಟಚ್‌ಪ್ಯಾಡ್ ಇಲ್ಲ, ವೈಫೈ ಇಲ್ಲ. ಪೆನ್‌ಡ್ರೈವ್ ಹಾಕಿದರೂ ಕಾಣುವುದಿಲ್ಲ.

ಸೋಮವಾರ ಬೆಳಿಗ್ಗೆ ಗ್ರಂಥಾಲಯ ತೆರೆಯಬೇಕು. ದಯವಿಟ್ಟು ದಾರಿ ತೋರಿಸಿ.

ಕೆಂಪುದೀಪ
30 ನವೆಂಬರ್ 2024, ಬೆಳಿಗ್ಗೆ 6:55

ನಮಸ್ಕಾರ. ದೋಷದ ಸಾಲಿನಲ್ಲಿ ಫ್ಯಾಟ್ ಎಂಬುದಿದೆ, ಮೌಂಟ್ ಆಗದಿರುವುದೂ ಇಎಫ್‌ಐ ಪಾರ್ಟಿಷನ್ ಒಂದೇ. ಮರುಸ್ಥಾಪನೆಯ ಕೊನೆಯಲ್ಲಿ ಗ್ರಬ್ ಬರೆಯುವಾಗ ಆ ಪಾರ್ಟಿಷನ್ ಕೆಟ್ಟಿರಬೇಕೆಂದು ನನಗೆ ತೋರುತ್ತದೆ. ಎಮರ್ಜೆನ್ಸಿ ಮೋಡ್‌ನ ಶೆಲ್‌ನಲ್ಲೇ (ಆದೇಶಗಳನ್ನು ಟೈಪ್ ಮಾಡುವ ಕಡೆ) ‘ಎಫ್‌ಎಸ್‌ಸಿಕೆ.ವಿಫ್ಯಾಟ್’ ಅನ್ನು ಆ ಪಾರ್ಟಿಷನ್ ಮೇಲೆ ನಡೆಸಿ ನೋಡಿ. ಅದರಿಂದ ಸರಿಹೋಗದಿದ್ದರೆ ಅದನ್ನು ಫಾರ್ಮ್ಯಾಟ್ ಮಾಡಿ, ಲೈವ್ ಯುಎಸ್‌ಬಿಯಿಂದ (ಪೆನ್‌ಡ್ರೈವಿನಿಂದಲೇ ನಡೆಯುವ ಲಿನಕ್ಸ್) ಗ್ರಬ್ಬನ್ನು ಹೊಸದಾಗಿ ಸ್ಥಾಪಿಸಬಹುದು.

ತುಂಗಾತೀರ
30 ನವೆಂಬರ್ 2024, ಬೆಳಿಗ್ಗೆ 7:30

ಪರೀಕ್ಷೆ ಮಾಡುವುದರಿಂದ ಹಾನಿಯಿಲ್ಲ, ಆದರೆ ದಯವಿಟ್ಟು ಈಗಲೇ ಏನನ್ನೂ ಫಾರ್ಮ್ಯಾಟ್ ಮಾಡಬೇಡಿ. ಆ ಸಾಲನ್ನು ಇನ್ನೊಮ್ಮೆ ಓದಿ. ಪಾರ್ಟಿಷನ್ ಕೆಟ್ಟಿದೆಯೆಂದು ಅದು ಹೇಳುತ್ತಿಲ್ಲ. ‘ಐಎಸ್ಒ8859-1’ ಎಂಬ ಅಕ್ಷರಪಟ್ಟಿ ಸಿಗಲಿಲ್ಲ ಎನ್ನುತ್ತಿದೆ. ಉಬುಂಟು ಮತ್ತು ಮಿಂಟ್‌ನ ಕರ್ನೆಲ್‌ಗಳಲ್ಲಿ ಫ್ಯಾಟ್ (ಇಎಫ್‌ಐ ಪಾರ್ಟಿಷನ್ನಿನ ಕಡತವ್ಯವಸ್ಥೆ) ಓದುವ ಶಕ್ತಿ ಕರ್ನೆಲ್ಲಿನೊಳಗೇ ಸೇರಿದೆ, ಆದರೆ ಅದಕ್ಕೆ ಬೇಕಾದ ಈ ಅಕ್ಷರಪಟ್ಟಿ ಬಿಡಿ ಮಾಡ್ಯೂಲ್ ಆಗಿ, ಅಂದರೆ ಬೇಕಾದಾಗ ಕರ್ನೆಲ್ ಸೇರಿಸಿಕೊಳ್ಳುವ ತುಣುಕಾಗಿ, /ಲಿಬ್/ಮಾಡ್ಯೂಲ್ಸ್ ಒಳಗಿರುತ್ತದೆ. ಅದು ಸಿಗುತ್ತಿಲ್ಲ. ಟಚ್‌ಪ್ಯಾಡ್, ವೈಫೈ, ಪೆನ್‌ಡ್ರೈವ್ ಇವೂ ಮಾಡ್ಯೂಲ್‌ಗಳನ್ನೇ ನಂಬಿಕೊಂಡಿರುವಂಥವು. ಎಲ್ಲವೂ ಒಟ್ಟಿಗೆ ಹೋಗಿರುವುದು ಕಾಕತಾಳೀಯವಿರಲಾರದು.

ಮೂರು ಆದೇಶಗಳ ಫಲಿತಾಂಶವನ್ನು ನೋಡಿ ತಿಳಿಸಿ. ಇಲ್ಲಿ ಅವನ್ನು ಕನ್ನಡ ಲಿಪಿಯಲ್ಲಿ ಬರೆಯುತ್ತಿದ್ದೇನೆ. ನೀವು ಟೈಪ್ ಮಾಡುವಾಗ ಇಂಗ್ಲಿಷಿನ ಸಣ್ಣಕ್ಷರಗಳಲ್ಲೇ ಮಾಡಿ, ಹೈಫನ್‌ಗಳೂ ನಡುವಿನ ಅಂತರಗಳೂ ಇದ್ದ ಹಾಗೇ ಇರಲಿ.

ಯುನೇಮ್ -ಆರ್
ಎಲ್‌ಎಸ್ /ಲಿಬ್/ಮಾಡ್ಯೂಲ್ಸ್
ಎಲ್‌ಎಸ್ /ಬೂಟ್

ಇನ್ನೊಂದು ಮಾತು. ಕೋಹಾದ ದತ್ತಾಂಶ ಎಲ್ಲಿದೆ, ಅದರ ಪ್ರತಿ ಬೇರೆಲ್ಲಾದರೂ ಇದೆಯೇ ಎಂಬುದನ್ನೂ ಹೇಳಿ. ಯಂತ್ರ ಏಳುವುದಕ್ಕಿಂತ ನನಗೆ ಅದರ ಚಿಂತೆ ಹೆಚ್ಚಾಗಿದೆ.

ಪುಸ್ತಕದ ಗೂಡು
30 ನವೆಂಬರ್ 2024, ಬೆಳಿಗ್ಗೆ 8:10

ಇಬ್ಬರಿಗೂ ವಂದನೆಗಳು. ಕೆಂಪುದೀಪ ಅವರು ಹೇಳಿದ ಪರೀಕ್ಷೆಯನ್ನು ನಡೆಸಿದೆ. ಇಎಫ್‌ಐ ಪಾರ್ಟಿಷನ್‌ನಲ್ಲಿ ದೋಷವೇನೂ ಕಾಣಲಿಲ್ಲ.

ತುಂಗಾತೀರ ಅವರು ಕೇಳಿದ ಮೂರು ಉತ್ತರಗಳು ಹೀಗಿವೆ. ಮೊದಲನೆಯದು: 6.8.0-49-ಜೆನೆರಿಕ್. ಎರಡನೆಯದರಲ್ಲಿ 6.8.0-47-ಜೆನೆರಿಕ್ ಮತ್ತು 6.8.0-48-ಜೆನೆರಿಕ್ ಎಂಬ ಎರಡೇ ಫೋಲ್ಡರ್‌ಗಳಿವೆ. ಮೂರನೆಯದರಲ್ಲಿ, ಗ್ರಬ್ ಮತ್ತು ಇಎಫ್‌ಐ ಫೋಲ್ಡರ್‌ಗಳನ್ನು ಬಿಟ್ಟರೆ, 49ರ ಕರ್ನೆಲ್ ಮತ್ತು ಅದರ ಇನಿಟ್ರ್ಡಿ (ಆರಂಭಕ್ಕೆ ಬೇಕಾದ ಮಾಡ್ಯೂಲ್‌ಗಳ ಕಟ್ಟು) ಕಡತಗಳು ಮಾತ್ರ ಇವೆ. 48ರ ಸುಳಿವೇ ಇಲ್ಲ.

ಬರೆಯುತ್ತಿರುವಾಗಲೇ ನನಗೂ ಕಣ್ಣಿಗೆ ಬಿತ್ತು: ಓಡುತ್ತಿರುವುದು 49, ಮಾಡ್ಯೂಲ್‌ಗಳಿರುವುದು 48ರವು. ಆದರೆ ಒಂದೇ ಸ್ನ್ಯಾಪ್‌ಶಾಟಿನಿಂದ ತಂದದ್ದರಲ್ಲಿ ಅರ್ಧ ಹಳೆಯದು, ಅರ್ಧ ಹೊಸದು ಹೇಗಾಯಿತು? ಟೈಮ್‌ಶಿಫ್ಟ್ /ಬೂಟನ್ನು ಉಳಿಸುವುದೇ ಇಲ್ಲವೇ?

ದತ್ತಾಂಶ ಕೋಹಾ ರೂಢಿಯಲ್ಲಿ ಇಡುವ ಕಡೆಯೇ ಇದೆ, ಅಂದರೆ /ವಾರ್/ಲಿಬ್/ಮೈಎಸ್‌ಕ್ಯೂಎಲ್ ಒಳಗೆ. ಪ್ರತಿ ಭಾನುವಾರ ಸಂಜೆ ಒಂದು ಡಂಪ್ (ದತ್ತಾಂಶದ ಪೂರ್ತಿ ಪ್ರತಿ) ತೆಗೆದು ನನ್ನ ಹೋಮ್ ಫೋಲ್ಡರಿನಲ್ಲಿ ಇಡುವ ಅಭ್ಯಾಸವಿದೆ. ಕೊನೆಯದು ನವೆಂಬರ್ 24ರದು.

ತುಂಗಾತೀರ
30 ನವೆಂಬರ್ 2024, ಬೆಳಿಗ್ಗೆ 9:25

ಆ ಭಾನುವಾರದ ಅಭ್ಯಾಸ ನಿಮ್ಮನ್ನು ಕಾಪಾಡಿದೆ. ಅದರ ವಿಷಯಕ್ಕೆ ಕೊನೆಯಲ್ಲಿ ಬರುತ್ತೇನೆ. ಮೊದಲು ಆದದ್ದೇನೆಂಬುದನ್ನು ನೋಡೋಣ, ಏಕೆಂದರೆ ಅದು ಅರ್ಥವಾದರೆ ಪರಿಹಾರ ಐದಾರು ಸಾಲಿನದು.

ಮಿಂಟ್‌ನಲ್ಲಿ ಇಡೀ ಡಿಸ್ಕನ್ನು ಎನ್‌ಕ್ರಿಪ್ಟ್ ಮಾಡುವ ಆಯ್ಕೆಯನ್ನು ಆರಿಸಿದಾಗ ಸ್ಥಾಪಕವು ಮೂರು ಪಾರ್ಟಿಷನ್‌ಗಳನ್ನು ಮಾಡುತ್ತದೆ. ಮೊದಲನೆಯದು ಇಎಫ್‌ಐ. ಎರಡನೆಯದು /ಬೂಟ್‌ಗೆ ಮೀಸಲಾದ, ಎನ್‌ಕ್ರಿಪ್ಟ್ ಆಗದ ಒಂದು ಚಿಕ್ಕ ಇಎಕ್ಸ್‌ಟಿ4 ಪಾರ್ಟಿಷನ್. ಮಿಂಟ್ 20ರ ಕಾಲದಲ್ಲಿ ಹಾಕಿದ್ದರಿಂದ ನಿಮ್ಮದು ಸುಮಾರು 700 ಎಂಬಿ ಇರಬೇಕು, ಜಾಗ ತುಂಬಿದ್ದೂ ಅದಕ್ಕೇ. ಮೂರನೆಯದು ಬೀಗ ಹಾಕಿದ ದೊಡ್ಡ ಪಾರ್ಟಿಷನ್; ಅದರೊಳಗೆ ‘ವಿಜಿಮಿಂಟ್-ರೂಟ್’ ಎಂಬ ಹೆಸರಿನಲ್ಲಿ ನಿಮ್ಮ ನಿಜವಾದ /, ಅಂದರೆ ಇಡೀ ವ್ಯವಸ್ಥೆಯ ಮೂಲ ಫೋಲ್ಡರ್, ಇರುತ್ತದೆ. ಅಂದರೆ ನೀವು ‘/ಬೂಟ್’ ಎಂದು ಕರೆಯುವುದು / ಒಳಗಿನ ಒಂದು ಖಾಲಿ ಫೋಲ್ಡರಿನ ಮೇಲೆ ತಂದು ಕೂರಿಸಿದ ಬೇರೊಂದು ಪಾರ್ಟಿಷನ್.

ಟೈಮ್‌ಶಿಫ್ಟ್ ಆರ್‌ಸಿಂಕ್ ವಿಧಾನದಲ್ಲಿ ಸ್ನ್ಯಾಪ್‌ಶಾಟ್ ತೆಗೆಯುವಾಗ /ಬೂಟ್ ಕೂಡ ಸೇರುತ್ತದೆ. ನವೆಂಬರ್ 17ರಂದು ನಿಮ್ಮ ಯಂತ್ರ ಮಾಮೂಲಿಯಾಗಿ ನಡೆಯುತ್ತಿತ್ತು, /ಬೂಟ್ ಮೌಂಟ್ ಆಗಿತ್ತು, ಹಾಗಾಗಿ 48ರ ಕರ್ನೆಲ್ ಸ್ನ್ಯಾಪ್‌ಶಾಟಿನಲ್ಲಿ ಭದ್ರವಾಗಿದೆ. ತೊಡಕಾದದ್ದು ಹಿಂದಿರುಗಿ ಇಡುವಾಗ. ರಿಕವರಿ ಮೋಡ್‌ನಲ್ಲಿ ಮೊದಲಿಗೆ / ಒಂದೇ ಮೌಂಟ್ ಆಗಿರುತ್ತದೆ, ಅದೂ ಓದುವುದಕ್ಕಷ್ಟೇ. ನೀವು ನೇರವಾಗಿ ರೂಟ್ ಶೆಲ್‌ಗೆ ಹೋಗಿ / ಒಂದನ್ನೇ ಬರೆಯುವ ಸ್ಥಿತಿಗೆ ತಂದಿರಿ. ಆ ಗಳಿಗೆಯಲ್ಲಿ /ಬೂಟ್ ಎಂಬುದು ಬರಿಯ ಖಾಲಿ ಫೋಲ್ಡರ್. ಟೈಮ್‌ಶಿಫ್ಟ್ ತನ್ನ ಕೆಲಸವನ್ನು ನಿಷ್ಠೆಯಿಂದ ಮಾಡಿ, 48ರ ಕರ್ನೆಲ್ಲನ್ನು ಆ ಖಾಲಿ ಫೋಲ್ಡರಿಗೇ ಬರೆದಿದೆ. /ಲಿಬ್/ಮಾಡ್ಯೂಲ್ಸ್ ಇರುವುದು / ಒಳಗೇ ಆದ್ದರಿಂದ ಅಲ್ಲಿ 49 ಅಳಿದು 48 ಬಂದಿದೆ. ಗ್ರಬ್ ಹಾಕಲು ಹೋದಾಗ /ಬೂಟ್/ಇಎಫ್‌ಐ ಕೂಡ ಮೌಂಟ್ ಆಗಿರಲಿಲ್ಲ. ನೀವು ಅರ್ಧ ಓದಿದ ಸಾಲು ಅದನ್ನೇ ಹೇಳುತ್ತಿತ್ತು. ಹೀಗಾಗಿ ಇಎಫ್‌ಐಯಲ್ಲಿರುವ ಹಳೆಯ ಗ್ರಬ್, ಮುಟ್ಟದೆ ಉಳಿದ ನಿಜವಾದ /ಬೂಟ್ ಪಾರ್ಟಿಷನ್ನಿಗೆ ಹೋಗಿ 49ನ್ನು ಎಬ್ಬಿಸುತ್ತಿದೆ. ಗುಪ್ತಪದ ಕೇಳುವುದಕ್ಕೆ ಬೇಕಾದ ಮಾಡ್ಯೂಲ್‌ಗಳು 49ರ ಇನಿಟ್ರ್ಡಿಯೊಳಗೇ ಇರುವುದರಿಂದ ಅಲ್ಲಿಯವರೆಗೆ ಎಲ್ಲವೂ ಸರಿಯಾಗಿ ಕಾಣುತ್ತದೆ. ಅದರಾಚೆ 49 ತನ್ನ ಮಾಡ್ಯೂಲ್‌ಗಳಿಗಾಗಿ ಕೈ ಚಾಚಿದರೆ ಅಲ್ಲಿರುವುದು 48ರವು.

ನಿಮ್ಮ ಊಹೆ ಬೇರೆಯಿದ್ದರೂ ಈ ಮಾತನ್ನು ಮೊದಲು ಕಣ್ಣಾರೆ ಕಂಡೇ ಮುಂದೆ ಹೋಗಿ. ಎಮರ್ಜೆನ್ಸಿ ಶೆಲ್‌ನಲ್ಲಿ ಹೀಗೆ ಕೊಡಿ:

ಮೌಂಟ್ -ಒ ರಿಮೌಂಟ್,ಆರ್‌ಡಬ್ಲ್ಯು /
ಮೌಂಟ್ --ಬೈಂಡ್ / /ಎಂಎನ್‌ಟಿ
ಎಲ್‌ಎಸ್ /ಎಂಎನ್‌ಟಿ/ಬೂಟ್

‘ಬೈಂಡ್’ ಹೀಗೆ ಕೊಟ್ಟಾಗ / ಪಾರ್ಟಿಷನ್ ಒಂದೇ /ಎಂಎನ್‌ಟಿಯಲ್ಲಿ ಕಾಣಿಸುತ್ತದೆ, ಅದರ ಮೇಲೆ ಕೂತ ಬೇರೆ ಪಾರ್ಟಿಷನ್‌ಗಳು ಬರುವುದಿಲ್ಲ. ಆದ್ದರಿಂದ /ಬೂಟ್ ಪಾರ್ಟಿಷನ್ನಿನ ಅಡಿಯಲ್ಲಿ ಮುಚ್ಚಿಹೋಗಿರುವ ಫೋಲ್ಡರ್ ಅಲ್ಲಿ ತೆರೆದು ಕಾಣುತ್ತದೆ. ನನ್ನ ಲೆಕ್ಕ ಸರಿಯಿದ್ದರೆ ವಿಎಂಲಿನಜ್-6.8.0-48-ಜೆನೆರಿಕ್ ಮತ್ತು ಇನಿಟ್ರ್ಡಿ.ಇಮ್ಗ್-6.8.0-48-ಜೆನೆರಿಕ್ ಅಲ್ಲಿಯೇ ಕೂತಿರುತ್ತವೆ.

ಅವು ಕಂಡರೆ, ‘ಫೈಂಡ್‌ಮೌಂಟ್’ ಎಂದು ನಾವು ಓದುವ ‘ಫೈಂಡ್‌ಎಂಎನ್‌ಟಿ /ಬೂಟ್’ ಆದೇಶ ಕೊಟ್ಟು ನಿಜವಾದ /ಬೂಟ್ ಈಗ ಮೌಂಟ್ ಆಗಿದೆಯೆಂದು ಖಚಿತಪಡಿಸಿಕೊಳ್ಳಿ. ಉತ್ತರವೇನೂ ಬಾರದಿದ್ದರೆ ‘ಮೌಂಟ್ /ಬೂಟ್’ ಕೊಡಿ. ‘ಡಿಎಫ್ -ಎಚ್ /ಬೂಟ್’ ಕೊಟ್ಟು ಜಾಗವಿದೆಯೇ ನೋಡಿ. ಬಳಿಕ ಹೆಸರಿನಲ್ಲಿ 6.8.0-48 ಇರುವ ನಾಲ್ಕು ಕಡತಗಳನ್ನು, ಅಂದರೆ ಕರ್ನೆಲ್, ಇನಿಟ್ರ್ಡಿ, ಕಾನ್ಫಿಗ್ ಮತ್ತು ಸಿಸ್ಟಮ್ ಮ್ಯಾಪ್ ಇವನ್ನು, ಹೀಗೆ ನಕಲು ಮಾಡಿ:

ಸಿಪಿ -ಎ /ಎಂಎನ್‌ಟಿ/ಬೂಟ್/*6.8.0-48-ಜೆನೆರಿಕ್ /ಬೂಟ್/
ಅಪ್‌ಡೇಟ್-ಗ್ರಬ್

ಇಲ್ಲಿಗೆ ಮುಗಿಯಲಿಲ್ಲ. ಗ್ರಬ್ ಎಂದಿನಂತೆ ದೊಡ್ಡ ಸಂಖ್ಯೆಯ ಕರ್ನೆಲ್ಲನ್ನೇ ಮೊದಲು ಎಬ್ಬಿಸುತ್ತದೆ, ಹಾಗಾಗಿ ಸುಮ್ಮನೆ ರೀಸ್ಟಾರ್ಟ್ ಮಾಡಿದರೆ ಮತ್ತೆ 49ಕ್ಕೇ ಹೋಗುತ್ತೀರಿ. ಗ್ರಬ್ ಮೆನುವಿನ ‘ಅಡ್ವಾನ್ಸ್ಡ್ ಆಪ್ಷನ್ಸ್’ ಒಳಗೆ ಹೋಗಿ 48ನ್ನು ಕೈಯಿಂದಲೇ ಆರಿಸಿ. ಅದು ಸರಿಯಾಗಿ ಎದ್ದಮೇಲೆ 49ರ ಕಡತಗಳನ್ನು /ಬೂಟ್‌ನಿಂದ ತೆಗೆದು ಹೋಮ್ ಫೋಲ್ಡರಿಗೆ ಸರಿಸಿ, ಇನ್ನೊಮ್ಮೆ ‘ಅಪ್‌ಡೇಟ್-ಗ್ರಬ್’ ಕೊಡಿ. ಅಪ್‌ಡೇಟ್ ಮ್ಯಾನೇಜರ್ ಈ ಕೆಲಸವನ್ನು ನಿಮಗಾಗಿ ಮಾಡಲಾರದು: ಪ್ಯಾಕೇಜುಗಳ ದಾಖಲೆಯೂ ನವೆಂಬರ್ 17ಕ್ಕೆ ಮರಳಿರುವುದರಿಂದ 49 ಎಂಬುದು ಈ ಯಂತ್ರಕ್ಕೆ ಬಂದೇ ಇಲ್ಲವೆಂದು ಅದು ತಿಳಿದಿದೆ.

ಕೆಂಪುದೀಪ
30 ನವೆಂಬರ್ 2024, ಬೆಳಿಗ್ಗೆ 10:05

ನನ್ನ ಅಂದಾಜು ತಪ್ಪಾಗಿತ್ತು. ಫಾರ್ಮ್ಯಾಟ್ ಮಾಡಿ ಎಂದು ಅವಸರದಲ್ಲಿ ಬರೆದದ್ದಕ್ಕೆ ಪುಸ್ತಕದ ಗೂಡು ಅವರಲ್ಲಿ ಕ್ಷಮೆ ಕೇಳುತ್ತೇನೆ. ತಿಳಿದುಕೊಳ್ಳುವ ಆಸೆಯಿಂದ ಒಂದು ಪ್ರಶ್ನೆ: ಇಂಥ ಸಂದರ್ಭಗಳಲ್ಲಿ ಲೈವ್ ಯುಎಸ್‌ಬಿಯಿಂದ ಎಬ್ಬಿಸಿ, ಕ್ರೂಟ್ ಮಾಡಿ (ಡಿಸ್ಕಿನಲ್ಲಿರುವ ವ್ಯವಸ್ಥೆಯೊಳಗೆ ಹೊಕ್ಕು), ಗ್ರಬ್ ಹಾಗೂ ಇನಿಟ್ರ್ಡಿ ಎರಡನ್ನೂ ಹೊಸದಾಗಿ ಮಾಡುವುದೇ ರೂಢಿ. ನೀವು ಆ ದಾರಿಯನ್ನು ಏಕೆ ಹೇಳಲಿಲ್ಲ?

ತುಂಗಾತೀರ
30 ನವೆಂಬರ್ 2024, ಬೆಳಿಗ್ಗೆ 10:50

ಆ ದಾರಿಯೂ ಸರಿಯೇ, ಕೆಂಪುದೀಪ ಅವರೇ. ಎಮರ್ಜೆನ್ಸಿ ಶೆಲ್ ಕೂಡ ಸಿಗದವರಿಗೆ ಅದೊಂದೇ ದಾರಿ. ಆದರೆ ಎನ್‌ಕ್ರಿಪ್ಟ್ ಆದ ಡಿಸ್ಕಿನಲ್ಲಿ ಅಲ್ಲೊಂದು ಗುಂಡಿಯಿದೆ, ಅದರಲ್ಲಿ ನಾನೇ ಬಿದ್ದು ಎದ್ದಿದ್ದೇನೆ.

ಲೈವ್ ಡೆಸ್ಕ್‌ಟಾಪಿನಲ್ಲಿ ಡಿಸ್ಕಿನ ಚಿತ್ರದ ಮೇಲೆ ಕ್ಲಿಕ್ ಮಾಡಿ ಗುಪ್ತಪದ ಕೊಟ್ಟರೆ ಅದು ‘ಲಕ್ಸ್-’ ಎಂದು ಶುರುವಾಗುವ ಒಂದು ಉದ್ದನೆಯ ಹೆಸರಿನಲ್ಲಿ ತೆರೆದುಕೊಳ್ಳುತ್ತದೆ. ನಿಮ್ಮ ವ್ಯವಸ್ಥೆಯ /ಇಟಿಸಿ/ಕ್ರಿಪ್ಟ್‌ಟ್ಯಾಬ್ ಕಡತದಲ್ಲಿ ಇರುವುದು ‘ಎನ್‌ವಿಎಂಇ0ಎನ್1ಪಿ3_ಕ್ರಿಪ್ಟ್’ ಎಂಬಂಥ ಬೇರೆಯೇ ಹೆಸರು. ಇವೆರಡೂ ಹೊಂದದಿರುವಾಗ ಕ್ರೂಟ್ ಒಳಗೆ ‘ಅಪ್‌ಡೇಟ್-ಇನಿಟ್ರ್ಯಾಮ್‌ಎಫ್‌ಎಸ್’ ನಡೆಸಿದರೆ, ಕ್ರಿಪ್ಟ್‌ಸೆಟಪ್‌ನಿಂದ ಒಂದು ಸಾಲಿನ ಎಚ್ಚರಿಕೆ ಬಂದು, ಡಿಸ್ಕಿನ ಬೀಗ ತೆಗೆಯುವ ವಿವರವಿಲ್ಲದ ಇನಿಟ್ರ್ಡಿಯೊಂದು ತಯಾರಾಗುತ್ತದೆ. ಮರುದಿನ ಯಂತ್ರ ಗುಪ್ತಪದವನ್ನೇ ಕೇಳುವುದಿಲ್ಲ. ರೂಟ್ ಸಿಗಲಿಲ್ಲವೆಂದು ಬಿಜಿಬಾಕ್ಸ್ ಶೆಲ್‌ನಲ್ಲಿ ನಿಲ್ಲುತ್ತದೆ. ಹೀಗಾಗಿ ಆ ದಾರಿ ಹಿಡಿಯುವವರು ಚಿತ್ರದ ಮೇಲೆ ಕ್ಲಿಕ್ ಮಾಡದೆ, ಟರ್ಮಿನಲ್ಲಿನಲ್ಲಿ ‘ಕ್ರಿಪ್ಟ್‌ಸೆಟಪ್ ಓಪನ್’ ಎಂದು ಕೊಟ್ಟು, ಕ್ರಿಪ್ಟ್‌ಟ್ಯಾಬ್‌ನಲ್ಲಿರುವ ಹೆಸರಿನಲ್ಲೇ ತೆರೆಯಬೇಕು. ಹೆಸರು ನೆನಪಿಲ್ಲದಿದ್ದರೆ ಒಮ್ಮೆ ಹೇಗೋ ತೆರೆದು, ಆ ಕಡತವನ್ನು ಓದಿಕೊಂಡು, ಮುಚ್ಚಿ, ಸರಿಯಾದ ಹೆಸರಿನಲ್ಲಿ ಮತ್ತೆ ತೆರೆಯಿರಿ.

ಈಗಿನ ಪ್ರಕರಣದಲ್ಲಿ ಡಿಸ್ಕ್ ತನ್ನ ಸ್ವಂತ ಹೆಸರಿನಲ್ಲೇ ತೆರೆದಿದೆ, ಬೇಕಾದ ಕಡತಗಳೂ ಮನೆಯೊಳಗೇ ಇವೆ. ಹೊರಗಿನಿಂದ ಏನನ್ನೂ ತರಬೇಕಾಗಿಲ್ಲ, ತರುವಂತೆಯೂ ಇಲ್ಲ. ಪೆನ್‌ಡ್ರೈವ್ ಓದುವ ಮಾಡ್ಯೂಲೇ ಅಲ್ಲಿಲ್ಲ.

ಪುಸ್ತಕದ ಗೂಡು
30 ನವೆಂಬರ್ 2024, ಮಧ್ಯಾಹ್ನ 1:15

ಎದ್ದಿತು!

ತುಂಗಾತೀರ ಅವರೇ, ನೀವು ಹೇಳಿದ ಜಾಗದಲ್ಲೇ ಕಡತಗಳಿದ್ದವು. ‘ಎಲ್‌ಎಸ್ /ಎಂಎನ್‌ಟಿ/ಬೂಟ್’ ಎಂದು ಕೊಟ್ಟು ಎಂಟರ್ ಒತ್ತಿದಾಗ 47 ಮತ್ತು 48ರ ಕಡತಗಳು ಸಾಲಾಗಿ ಬಂದವು. ಅದೇ ಪರದೆಯಲ್ಲಿ ಎರಡು ಸಾಲು ಮೇಲೆ, ನಾನು ಸ್ವಲ್ಪ ಹೊತ್ತಿಗೆ ಮುಂಚೆ ಕೊಟ್ಟಿದ್ದ ‘ಎಲ್‌ಎಸ್ /ಬೂಟ್’ನ ಉತ್ತರದಲ್ಲಿ 49 ಒಂದೇ ಇತ್ತು. ಒಂದೇ ಹೆಸರಿನ ಫೋಲ್ಡರಿನಲ್ಲಿ ಎರಡು ಬೇರೆ ಬೇರೆ ಪಟ್ಟಿಗಳನ್ನು ಒಟ್ಟಿಗೆ ಕಂಡಾಗ, ಬೆಳಿಗ್ಗೆ ಓದಿ ಅರ್ಧ ಅರ್ಥವಾಗಿದ್ದದ್ದು ಪೂರ್ತಿ ತಿಳಿಯಿತು.

/ಬೂಟ್‌ನಲ್ಲಿ 400 ಎಂಬಿಗಿಂತ ಹೆಚ್ಚು ಜಾಗವಿತ್ತು; 48ನ್ನು ಮಾತ್ರ ನಕಲು ಮಾಡಿದೆ. ಮೊದಲ ಸಲ ಗ್ರಬ್ ಮೆನು ಬರಿಸಲು ಎಸ್ಕೇಪ್ ಕೀಲಿಯನ್ನು ಹಲವು ಬಾರಿ ಒತ್ತಿದ್ದರಿಂದ ‘ಗ್ರಬ್>’ ಎಂಬ ಸೂಚಕಕ್ಕೆ ಹೋಗಿ ನಿಂತಿತು. ಅಲ್ಲಿ ‘ನಾರ್ಮಲ್’ ಎಂದು ಕೊಟ್ಟು, ಎಂಟರ್ ಒತ್ತಿದ ಕೂಡಲೇ ಒಂದೇ ಸಲ ಎಸ್ಕೇಪ್ ಒತ್ತಿದಾಗ ಮೆನು ಬಂತು. 48ನ್ನು ಆರಿಸಿದೆ. ಗುಪ್ತಪದ ಕೊಟ್ಟ ಮೇಲೆ ಡೆಸ್ಕ್‌ಟಾಪ್ ಬಂತು, ವೈಫೈ ಬಂತು, ಟಚ್‌ಪ್ಯಾಡ್ ಬಂತು. ಗ್ರಾಫಿಕ್ಸ್ ಡ್ರೈವರ್ ಹಳೆಯದೇ ಆಗಿರುವುದರಿಂದ ಪರದೆಯೂ ಸರಿಯಾಗಿದೆ.

ಆದರೆ ಕೋಹಾ ತೆರೆದಾಗ ಎದೆ ಧಸಕ್ಕೆಂದಿತು. ಅದರಲ್ಲಿ ನವೆಂಬರ್ 17ರ ನಂತರದ ಒಂದು ದಾಖಲೆಯೂ ಇಲ್ಲ. ಹೋಮ್ ಫೋಲ್ಡರಿನ ಕಡತಗಳೆಲ್ಲ ಇವತ್ತಿನವರೆಗೂ ಇವೆ. ಇದನ್ನೇ ನೀವು ಬೆಳಿಗ್ಗೆ ಕೇಳಿದ್ದಿರಿ ಅಲ್ಲವೇ?

ತುಂಗಾತೀರ
30 ನವೆಂಬರ್ 2024, ಮಧ್ಯಾಹ್ನ 2:00

ಹೌದು, ಅದನ್ನೇ. ಯಂತ್ರ ಎದ್ದ ಸಂತೋಷದ ನಡುವೆ ಇದನ್ನು ಹೇಳಬೇಕಾಗಿ ಬಂದದ್ದಕ್ಕೆ ಬೇಸರವಿದೆ.

ಟೈಮ್‌ಶಿಫ್ಟ್ ಯಾರೂ ಬದಲಾಯಿಸದ ಹೊರತು /ಹೋಮ್ ಒಳಗಿನ ಬಳಕೆದಾರರ ಕಡತಗಳನ್ನು ಮುಟ್ಟುವುದಿಲ್ಲ. ಉಳಿದದ್ದರಲ್ಲಿ ಬಹುಪಾಲನ್ನು ಸ್ನ್ಯಾಪ್‌ಶಾಟಿನ ದಿನಕ್ಕೆ ಮರಳಿಸುತ್ತದೆ: ಆ ದಿನ ಇದ್ದದ್ದನ್ನು ತರುವುದಷ್ಟೇ ಅಲ್ಲ, ಆ ದಿನದ ನಂತರ ಹುಟ್ಟಿದ್ದನ್ನು ಅಳಿಸುತ್ತದೆ ಕೂಡ. /ವಾರ್/ಲಿಬ್/ಮೈಎಸ್‌ಕ್ಯೂಎಲ್ ಆ ‘ಉಳಿದದ್ದರಲ್ಲಿ’ ಸೇರುತ್ತದೆ. ಕೋಹಾ ಪ್ರತಿ ರಾತ್ರಿ ತಾನಾಗಿಯೇ ಮಾಡುವ ಬ್ಯಾಕಪ್ ಕೂಡ ಮಾಮೂಲಾಗಿ /ವಾರ್/ಸ್ಪೂಲ್/ಕೋಹಾ ಒಳಗೇ ಇರುವುದರಿಂದ ಅದೂ 17ಕ್ಕೇ ಮರಳಿರುತ್ತದೆ. ಡೇಟಾಬೇಸ್ ನಡೆಸುವವರೆಲ್ಲರೂ ಮರುಸ್ಥಾಪನೆಯ ಮೊದಲು ಈ ಒಂದು ವಿಷಯವನ್ನು ನೋಡಲೇಬೇಕೆಂದು ನಾನು ಎಲ್ಲೆಡೆ ಹೇಳುತ್ತಿರುತ್ತೇನೆ. ವೆಬ್‌ಸೈಟ್ ಇಟ್ಟವರ /ವಾರ್/ಡಬ್ಲ್ಯುಡಬ್ಲ್ಯುಡಬ್ಲ್ಯು, ಕೈಯಿಂದ ಹಾಕಿದ ತಂತ್ರಾಂಶಗಳ /ಆಪ್ಟ್, ಸ್ವಂತ ಸ್ಕ್ರಿಪ್ಟುಗಳ /ಯುಎಸ್‌ಆರ್/ಲೋಕಲ್ ಎಲ್ಲಕ್ಕೂ ಇದೇ ಮಾತು ಅನ್ವಯಿಸುತ್ತದೆ.

ಇನ್ನೂ ಒಂದಿದೆ. ಡೇಟಾಬೇಸ್ ಓಡುತ್ತಿರುವಾಗಲೇ ಆರ್‌ಸಿಂಕ್ ಅದರ ಕಡತಗಳನ್ನು ಒಂದೊಂದಾಗಿ ನಕಲು ಮಾಡಿರುತ್ತದೆ. ಮೊದಲ ಕಡತಕ್ಕೂ ಕೊನೆಯ ಕಡತಕ್ಕೂ ನಡುವೆ ನಿಮಿಷಗಳ ಅಂತರವಿರುತ್ತದೆ. ಹೀಗೆ ಬಂದ ಪ್ರತಿ ನೋಡಲು ಸರಿಯಿದ್ದರೂ ಒಳಗೆ ಹೊಂದಾಣಿಕೆ ತಪ್ಪಿರಬಹುದು. ಆದ್ದರಿಂದ 17ರ ಪ್ರತಿಯ ಮೇಲೆ ಹೊಸ ದಾಖಲೆಗಳನ್ನು ಸೇರಿಸುತ್ತ ಹೋಗಬೇಡಿ. 24ರ ಡಂಪನ್ನು ಮೊದಲು ಪೆನ್‌ಡ್ರೈವಿಗೆ ನಕಲು ಮಾಡಿ, ಆಮೇಲೆ ಅದನ್ನು ಪೂರ್ತಿಯಾಗಿ ತುಂಬಿಸಿ. ಅಂದಿನ ನಂತರದ ಕೆಲಸದ ದಿನಗಳ ಲೆಕ್ಕ ಮಾತ್ರ ಕೈಯಿಂದ ಸೇರಿಸಬೇಕಾದೀತು.

ಮಧ್ಯರಾತ್ರಿ ಟರ್ಮಿನಲ್
30 ನವೆಂಬರ್ 2024, ಸಂಜೆ 5:20

ಇಲ್ಲಿನ ಮಾತುಕತೆಯನ್ನು ಓದಿ ನನ್ನದೇ ಯಂತ್ರದ ಬಗ್ಗೆ ಎರಡು ಸಂದೇಹಗಳು ಬಂದವು. ಮೊದಲನೆಯದು, ನಾನು ಟೈಮ್‌ಶಿಫ್ಟ್‌ನಲ್ಲಿ ಬಿಟಿಆರ್‌ಎಫ್‌ಎಸ್ ಎಂಬ ಕಡತವ್ಯವಸ್ಥೆಯ ವಿಧಾನವನ್ನು ಬಳಸುತ್ತೇನೆ, ನನ್ನಲ್ಲೂ /ಬೂಟ್ ಬೇರೆ ಪಾರ್ಟಿಷನ್ನಿನಲ್ಲಿದೆ. ನನಗೂ ಹೀಗೇ ಆಗಬಹುದೇ? ಎರಡನೆಯದು, ಕಳೆದ ತಿಂಗಳು ಹಳೆಯ ಡೆಸ್ಕ್‌ಟಾಪೊಂದರ ರಿಕವರಿ ಶೆಲ್‌ನಲ್ಲಿ ‘ಟೈಮ್‌ಶಿಫ್ಟ್ --ಲಿಸ್ಟ್’ ಕೊಟ್ಟಾಗ ಸ್ನ್ಯಾಪ್‌ಶಾಟ್‌ಗಳೇ ಇಲ್ಲ ಎಂದು ಬಂತು. ಅವೆಲ್ಲ ಹೊರಗಿನ ಹಾರ್ಡ್‌ಡಿಸ್ಕಿನಲ್ಲಿದ್ದವು. ಕನ್ನಡದಲ್ಲಿ ಬರಬೇಕಾದ ಕೆಲವು ಸಂದೇಶಗಳು ಬರೀ ಚೌಕಗಳಾಗಿ ಕಂಡದ್ದರಿಂದ ಏನೆಂದು ಓದಲೂ ಆಗಲಿಲ್ಲ.

ತುಂಗಾತೀರ
30 ನವೆಂಬರ್ 2024, ಸಂಜೆ 6:05

ಬಿಟಿಆರ್‌ಎಫ್‌ಎಸ್ ವಿಧಾನದಲ್ಲಿ ನಿಮ್ಮ ಸ್ಥಿತಿ ಇನ್ನೂ ನಾಜೂಕು. ಅಲ್ಲಿ ಟೈಮ್‌ಶಿಫ್ಟ್ ಉಳಿಸುವುದು ‘@’ ಎಂಬ ಸಬ್‌ವಾಲ್ಯೂಮನ್ನು (ಕಡತವ್ಯವಸ್ಥೆಯೊಳಗಿನ ಒಂದು ವಿಭಾಗ), ನೀವು ಬಯಸಿದರೆ ‘@ಹೋಮ್’ ಎಂಬುದನ್ನು. ಬೇರೆ ಇಎಕ್ಸ್‌ಟಿ4 ಪಾರ್ಟಿಷನ್ನಿನಲ್ಲಿರುವ /ಬೂಟ್ ಸ್ನ್ಯಾಪ್‌ಶಾಟಿಗೆ ಸೇರುವುದೇ ಇಲ್ಲ, ಹಾಗಾಗಿ ಎಷ್ಟೇ ಸರಿಯಾಗಿ ಮೌಂಟ್ ಮಾಡಿಕೊಂಡರೂ ಅದು ಹಿಂದಕ್ಕೆ ಬರಲಾರದು. ನೀವು ಮಾಡಬೇಕಾದದ್ದು ಒಂದೇ: ಸ್ನ್ಯಾಪ್‌ಶಾಟ್‌ಗಳಲ್ಲಿರುವ ಕರ್ನೆಲ್‌ಗಳನ್ನು, ಆ ಸ್ನ್ಯಾಪ್‌ಶಾಟ್ ಇರುವವರೆಗೂ /ಬೂಟ್‌ನಿಂದ ಅಳಿಸದಿರುವುದು.

ಎರಡನೆಯದಕ್ಕೆ: ಹೊರಗಿನ ಡಿಸ್ಕನ್ನು ರಿಕವರಿ ಮೋಡ್‌ಗೆ ಹೋಗುವ ಮೊದಲೇ ಜೋಡಿಸಿಟ್ಟು, ‘ಎಲ್‌ಎಸ್‌ಬಿಎಲ್‌ಕೆ -ಎಫ್’ ಕೊಟ್ಟು ಅದರ ಹೆಸರನ್ನು ಗುರುತಿಸಿಕೊಳ್ಳಿ. ಎಸ್‌ಡಿಬಿ1 ಎಂದಿದ್ದರೆ ‘ಟೈಮ್‌ಶಿಫ್ಟ್ --ಲಿಸ್ಟ್ --ಸ್ನ್ಯಾಪ್‌ಶಾಟ್-ಡಿವೈಸ್ /ಡೆವ್/ಎಸ್‌ಡಿಬಿ1’ ಎಂದು ಕೊಡಿ. ಆರ್‌ಸಿಂಕ್ ಸ್ನ್ಯಾಪ್‌ಶಾಟ್‌ಗಳಿರುವ ಡಿಸ್ಕ್ ಇಎಕ್ಸ್‌ಟಿ4ನಂಥ ಲಿನಕ್ಸ್ ಕಡತವ್ಯವಸ್ಥೆಯದೇ ಆಗಿರಬೇಕು, ಎನ್‌ಟಿಎಫ್‌ಎಸ್ ಆಗದು. ಇನ್ನು ಚೌಕಗಳ ವಿಷಯ: ಲಿನಕ್ಸ್‌ನ ಬರಿಯ ಪಠ್ಯಪರದೆಗೆ ಕನ್ನಡದ ಅಕ್ಷರಗಳನ್ನು ಜೋಡಿಸಿ ತೋರಿಸಲು ಬರುವುದಿಲ್ಲ. ವ್ಯವಸ್ಥೆಯ ಭಾಷೆಯನ್ನು ಕನ್ನಡಕ್ಕೆ ಇಟ್ಟವರು ಶೆಲ್ ಸಿಕ್ಕ ಕೂಡಲೇ ‘ಎಕ್ಸ್‌ಪೋರ್ಟ್ ಎಲ್‌ಸಿ_ಆಲ್=ಸಿ’ ಎಂದು ಕೊಟ್ಟರೆ ಸಂದೇಶಗಳು ಇಂಗ್ಲಿಷಿನಲ್ಲಿ ಬರುತ್ತವೆ; ಇದರಲ್ಲಿ ಎಲ್‌ಸಿ, ಆಲ್ ಮತ್ತು ಕೊನೆಯ ಸಿ ಮಾತ್ರ ದೊಡ್ಡಕ್ಷರಗಳು. ನಮ್ಮ ಭಾಷೆಯಲ್ಲೇ ಓದುವಂತಾಗಬೇಕೆಂಬ ಆಸೆ ನನಗೂ ಇದೆ, ಆದರೆ ಯಂತ್ರ ಕೆಟ್ಟು ನಿಂತಿರುವಾಗ ಓದಲು ಬರುವ ಎಚ್ಚರಿಕೆ ಮುಖ್ಯ.

ಕೆಂಪುದೀಪ
30 ನವೆಂಬರ್ 2024, ಸಂಜೆ 6:40

ಕೊನೆಯದಾಗಿ ಒಂದು ಪ್ರಶ್ನೆ. ರಿಕವರಿ ಮೋಡ್‌ನಿಂದಲೇ, ಸರಿಯಾದ ರೀತಿಯಲ್ಲಿ ಮಾಡಬೇಕಿದ್ದರೆ ಕ್ರಮ ಯಾವುದು?

ತುಂಗಾತೀರ
30 ನವೆಂಬರ್ 2024, ರಾತ್ರಿ 7:15

ರಿಕವರಿ ಮೆನುವಿನಲ್ಲಿ ‘ರೂಟ್’ಗೆ ಹೋಗುವ ಮೊದಲು ‘ನೆಟ್‌ವರ್ಕ್’ ಆರಿಸಿ. ಮುಂದುವರಿದರೆ / ಬರೆಯುವ ಸ್ಥಿತಿಗೆ ಬಂದು, ಎಫ್‌ಎಸ್‌ಟ್ಯಾಬ್‌ನಲ್ಲಿರುವ (ಯಾವುದನ್ನು ಎಲ್ಲಿ ಮೌಂಟ್ ಮಾಡಬೇಕೆಂಬ ಪಟ್ಟಿ) ಉಳಿದ ಕಡತವ್ಯವಸ್ಥೆಗಳೆಲ್ಲವೂ ಮೌಂಟ್ ಆಗುತ್ತವೆ ಎಂದು ಅದು ಕೇಳುತ್ತದೆ. ನಮಗೆ ಬೇಕಾದದ್ದು ಅದೇ. ಹಾಗೆ ಮಾಡದೆ ರೂಟ್ ಶೆಲ್‌ಗೆ ಬಂದವರು ರಿಮೌಂಟ್ ಆದೇಶದ ಬೆನ್ನಿಗೇ ‘ಮೌಂಟ್ -ಎ’ ಕೊಡಬೇಕು. ಎರಡರಲ್ಲಿ ಯಾವ ದಾರಿ ಹಿಡಿದರೂ ‘ಫೈಂಡ್‌ಎಂಎನ್‌ಟಿ /ಬೂಟ್’ ಮತ್ತು ‘ಫೈಂಡ್‌ಎಂಎನ್‌ಟಿ /ಬೂಟ್/ಇಎಫ್‌ಐ’ ಎರಡಕ್ಕೂ ಉತ್ತರ ಬಂದ ಮೇಲೆಯೇ ಟೈಮ್‌ಶಿಫ್ಟನ್ನು ಕರೆಯಿರಿ. /ಬೂಟ್ ಬೇರೆ ಪಾರ್ಟಿಷನ್ ಆಗಿಲ್ಲದವರಿಗೆ ಮೊದಲನೆಯದರ ಉತ್ತರ ಖಾಲಿ ಬರುವುದು ಸಹಜ, ಅವರು ಎಫ್‌ಎಸ್‌ಟ್ಯಾಬನ್ನು ಒಮ್ಮೆ ನೋಡಿಕೊಂಡರೆ ಸಾಕು.

ಮರುಸ್ಥಾಪನೆಗೇ ಕೈಹಾಕುವ ಮೊದಲು ಹಳೆಯ ಕರ್ನೆಲ್‌ನಿಂದ ಎಬ್ಬಿಸಿ ನೋಡುವುದು ಒಳ್ಳೆಯದು. ಎಷ್ಟೋ ಸಲ ಕಪ್ಪುಪರದೆಗೆ ಅದೇ ಸಾಕಾಗುತ್ತದೆ. ಅದಕ್ಕಾಗಿ ಒಂದು ಹಳೆಯ ಕರ್ನೆಲ್ಲನ್ನಾದರೂ ಉಳಿಸಿಕೊಂಡಿರಬೇಕು.

ಪುಸ್ತಕದ ಗೂಡು
2 ಡಿಸೆಂಬರ್ 2024, ಸಂಜೆ 6:30

ಇಂದು ಗ್ರಂಥಾಲಯ ಎಂದಿನ ಹೊತ್ತಿಗೆ ತೆರೆಯಿತು. 24ರ ಡಂಪನ್ನು ಶನಿವಾರ ರಾತ್ರಿಯೇ ತುಂಬಿಸಿದೆ. ಅದರ ನಂತರದ ಐದು ದಿನಗಳ ಲೆಕ್ಕ ಮೇಜಿನ ಮೇಲಿನ ರಿಜಿಸ್ಟರಿನಲ್ಲಿತ್ತು. ಓದುಗರ ಸಹಿ ಬೇಕೆಂದು ಪುಸ್ತಕ ಕೊಡುವಾಗೆಲ್ಲ ಅದರಲ್ಲಿ ಬರೆಸಿಕೊಳ್ಳುವ ರೂಢಿಯನ್ನು ನಾವು ಬಿಟ್ಟಿರಲಿಲ್ಲ. ಭಾನುವಾರ ಕೂತು ಒಂದೊಂದೇ ಸಾಲನ್ನು ಕೋಹಾಗೆ ಸೇರಿಸಿದೆ. ಮೂರು ಪುಸ್ತಕಗಳ ಸಂಖ್ಯೆ ಮಾತ್ರ ಅಳಿಸಿದಂತಿದ್ದು ಓದಲು ಬರಲಿಲ್ಲ, ಅವನ್ನು ಇಂದು ಕಪಾಟಿನ ಬಳಿ ನಿಂತು ಹುಡುಕಿ ಸರಿಪಡಿಸಿದೆ.

49ರ ಕಡತಗಳನ್ನು ಸರಿಸಿ ಗ್ರಬ್ ಅಪ್‌ಡೇಟ್ ಮಾಡಿದ ಮೇಲೆ ಯಂತ್ರ ತಾನಾಗಿಯೇ 48ರಲ್ಲಿ ಏಳುತ್ತಿದೆ. ಗ್ರಾಫಿಕ್ಸ್ ಡ್ರೈವರನ್ನು ಅಪ್‌ಡೇಟ್ ಮ್ಯಾನೇಜರಿನಲ್ಲಿ ತಡೆಹಿಡಿದಿದ್ದೇನೆ. ನಿನ್ನೆ ರಾತ್ರಿ ಒಮ್ಮೆ ರಿಕವರಿ ಮೋಡ್‌ಗೆ ಹೋಗಿ, ಏನನ್ನೂ ಮರುಸ್ಥಾಪಿಸದೆ, ‘ನೆಟ್‌ವರ್ಕ್’ ಆರಿಸಿದಾಗ ಏನಾಗುತ್ತದೆ ಎಂದಷ್ಟೇ ನೋಡಿದೆ. ಮೆನುವಿನ ತಲೆಯಲ್ಲಿ ‘ರೀಡ್-ಓನ್ಲಿ’ ಇದ್ದದ್ದು ‘ರೀಡ್/ರೈಟ್’ ಆಯಿತು, ರೂಟ್ ಶೆಲ್‌ನಲ್ಲಿ ಫೈಂಡ್‌ಎಂಎನ್‌ಟಿ ಕೊಟ್ಟಾಗ /ಬೂಟ್ ಹಾಗೂ /ಬೂಟ್/ಇಎಫ್‌ಐ ಎರಡೂ ಬಂದವು. ಆ ಎರಡು ಸಾಲುಗಳನ್ನು ರಿಜಿಸ್ಟರಿನ ಒಳರಟ್ಟಿನ ಮೇಲೆ ಬರೆದಿಟ್ಟಿದ್ದೇನೆ.

ಒಂದು ಉಳಿದಿದೆ: /ಬೂಟ್ ಅಡಿಯಲ್ಲಿ ಮುಚ್ಚಿಹೋಗಿರುವ 47 ಮತ್ತು 48ರ ಕಡತಗಳು ಈಗಲೂ ಅಲ್ಲೇ ಇವೆ. ಅವನ್ನು ಅಳಿಸಬಹುದೇ?

ತುಂಗಾತೀರ
2 ಡಿಸೆಂಬರ್ 2024, ರಾತ್ರಿ 8:10

ಅಳಿಸಬಹುದು, ಅವಸರವಿಲ್ಲ, ಅವು ಜಾಗ ತಿನ್ನುತ್ತಿರುವುದು ದೊಡ್ಡ ಪಾರ್ಟಿಷನ್ನಿನಲ್ಲಿ. ಇನ್ನೊಂದು ವಾರ 48 ಸರಿಯಾಗಿ ನಡೆಯಲಿ. ಅಳಿಸುವ ದಿನ ಮತ್ತೆ ‘ಮೌಂಟ್ --ಬೈಂಡ್ / /ಎಂಎನ್‌ಟಿ’ ಮಾಡಿ, ಆದೇಶದಲ್ಲಿ ‘/ಎಂಎನ್‌ಟಿ/ಬೂಟ್/’ ಎಂದೇ ಇದೆಯೇ ಎಂಬುದನ್ನು ಎಂಟರ್ ಒತ್ತುವ ಮೊದಲು ಎರಡು ಸಲ ಓದಿ. ಮುಗಿದ ಕೂಡಲೇ ‘ಯುಮೌಂಟ್ /ಎಂಎನ್‌ಟಿ’ ಕೊಡಿ. ಆ ಆದೇಶದ ಹೆಸರಿನಲ್ಲಿ ‘ಯು’ ಆದಮೇಲೆ ‘ಎನ್’ ಅಕ್ಷರವಿಲ್ಲ.